ಸೌಟು ಹಿಡಿದ ಡಾಕ್ಟ್ರಮ್ಮ

ತ್ಯಾಗರಾಜನಗರದ ಆ ರಸ್ತೆಯಲ್ಲಿ ಸೌಟು ಹಿಡಿದು ಮನೆಮನೆಗೆ ಹೋಗುವವರು ಒಬ್ಬರೇ, ಎಪ್ಪತ್ತೊಂಬತ್ತರ ಡಾಕ್ಟರ್ ಸೀತಾಲಕ್ಷ್ಮಿ. ಸಾರು ಕೇಳಲಿಕ್ಕಲ್ಲ. ತೊಟ್ಟಿ, ಡ್ರಮ್ಮು, ಹೂಕುಂಡದ ತಟ್ಟೆ ಎಲ್ಲದರ ನೀರು ಮೊಗೆದು ಸೊಳ್ಳೆಮರಿ ಹುಡುಕಲಿಕ್ಕೆ.

ಹಿಂದೆಯೇ ಅಂಕಮ್ಮ. ಅವರ ಮನೆಗೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷ. ಸೊಪ್ಪು ಬಿಡಿಸುತ್ತ ಕೇಳಿದ್ದೆಲ್ಲ ಅವಳಿಗೆ ಬಾಯಿಪಾಠ: ಹೆಂಗಸರನ್ನು ವೈರಸ್ ಪರೀಕ್ಷಿಸುವ ಕೋಣೆಗೆ ಬಿಡದ ಕಾಲದಲ್ಲಿ ಡಾಕ್ಟ್ರಮ್ಮ ಮೊದಲು ನುಗ್ಗಿದ್ದು, ಜ್ವರ ಬಂದ ಊರುಗಳಿಂದ ರಕ್ತದ ಸೀಸೆಗಳನ್ನು ಐಸ್ ತುಂಬಿದ ಫ್ಲಾಸ್ಕಿನಲ್ಲಿಟ್ಟು ಕೆಂಪು ಬಸ್ಸಿನಲ್ಲಿ ತೊಡೆಯ ಮೇಲೆ ತಂದದ್ದು, ಡೆಂಗಿ ವೈರಸ್ಸಿನ ಬಗೆಗಳನ್ನು ಗುರುತಿಸಲು ಎಷ್ಟೋ ಮಂದಿಗೆ ಕಲಿಸಿದ್ದು.

ಒಮ್ಮೆ ರಸ್ತೆಯ ನಿವಾಸಿಗಳ ಸಂಘದವರು ಸನ್ಮಾನ ಮಾಡುತ್ತೇವೆ ಎಂದರು. ಡಾಕ್ಟ್ರಮ್ಮ ಅಧ್ಯಕ್ಷ ತಿರುಮಲೇಶರಿಗೆ, "ರಸ್ತೇಲಿ ಒಂದೇ ಒಂದು ಸೊಳ್ಳೆಮರಿ ಸಿಕ್ರೂ ಶಾಲು ವಾಪಸ್!" ಎಂದುಬಿಟ್ಟರು.

ಅಂಕಮ್ಮನಿಗೋ ಆ ಶಾಲನ್ನು ಅವರ ಹೆಗಲ ಮೇಲೆ ನೋಡಲೇಬೇಕು. ವಾರವಿಡೀ ನಲವತ್ತೊಂದು ಮನೆ ಜಾಲಾಡಿದಳು.

"ಏನಕ್ಕಾ, ರೈಡಾ?" ಎಂದು ಮೂಲೆಮನೆಯ ಶುಭಾ ರೇಗಿಸಿದಳು.

"ಹೂಂ ಕಣಮ್ಮ, ಫ್ರಿಜ್ ಹಿಂದಿನ ಟ್ರೇ ಎಳಿ!"

ಭಾನುವಾರ ಬೆಳಿಗ್ಗೆ ಡಾಕ್ಟ್ರಮ್ಮನ ಅಂಗಳದಲ್ಲೇ ಕುರ್ಚಿ ಹಾಕಿದರು. ತಾಂಬೂಲಕ್ಕೆ ಬಳ್ಳಿಯ ಎಲೆ ಕಿತ್ತು ತರಲು ಅಂಕಮ್ಮ ಒಳಗೋಡಿದಳು. ಬೇರು ಬಿಡಲೆಂದು ಅವಳೇ ಅಡುಗೆಮನೆ ಕಿಟಕಿಯಲ್ಲಿ ಉಪ್ಪಿನಕಾಯಿ ಬಾಟಲಿಯ ನೀರಿಗೆ ಇಟ್ಟಿದ್ದ ವೀಳ್ಯದೆಲೆ ಬಳ್ಳಿ ಅದು, ಹತ್ತು ದಿನವಾಗಿತ್ತು. ಬಾಟಲಿ ಎತ್ತಿದರೆ ಒಳಗೆ ಏಳೆಂಟು ಸೊಳ್ಳೆಮರಿ ತಕಪಕ ಕುಣಿಯುತ್ತಿವೆ! ಡಾಕ್ಟ್ರಮ್ಮನ ಮನೆಯಲ್ಲವೇ ಎಂದು ಈ ನಲವತ್ತೆರಡನೆಯದನ್ನು ಅವಳು ನೋಡಿರಲೇ ಇಲ್ಲ.

ಸಿಂಕಿಗೆ ಸುರಿದರೆ ಯಾರಿಗೂ ಗೊತ್ತಾಗದು. ಕೈ ಅಲ್ಲಿಯವರೆಗೂ ಹೋಯಿತು. ಆದರೆ ಕಂಡದ್ದನ್ನು ತೋರಿಸದೆ ಚೆಲ್ಲಬಾರದೆಂದು ಇಪ್ಪತ್ತೆರಡು ವರ್ಷ ಕೇಳಿದ ಕಿವಿ ಅವಳದು. ಬಾಟಲಿ ಹಿಡಿದು ಹೊರಗೆ ಬಂದಳು.

"ಡಾಕ್ಟ್ರಮ್ಮ, ನಿಮ್ಮನೇಲೇ ಐತೆ. ಇಟ್ಟೋಳೂ ನಾನೇ."

ಶಾಲು ಬಿಡಿಸಿದ್ದ ತಿರುಮಲೇಶರು ಅದನ್ನು ಮತ್ತೆ ಮಡಚತೊಡಗಿದರು. ಡಾಕ್ಟ್ರಮ್ಮ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿ, ಕುರ್ಚಿಗೆ ಕುಸಿಯುವಷ್ಟು ನಕ್ಕರು.

"ಹತ್ತು ದಿನ ಇದರ ಮುಂದೇನೇ ನಿಂತು ಕಾಫಿ ಕುಡ್ದಿದೀನಿ, ಕಣ್ಣಿಗೇ ಬೀಳಲಿಲ್ಲ! ಸಾರ್, ಶಾಲು ಕೊಡಿ ಇಲ್ಲಿ. ಇನ್ಮೇಲೆ ನನ್ನ ಕಣ್ಣು ಇವಳೇ!"

ಶಾಲು ಅಂಕಮ್ಮನ ಹೆಗಲೇರಿತು. ಶುಭಾ ಫೋನೆತ್ತಿ ಫೋಟೋ ಅನ್ನುವಷ್ಟರಲ್ಲಿ ಅಂಕಮ್ಮ ಅದರ ಅರ್ಧ ಎಳೆದು ಡಾಕ್ಟ್ರಮ್ಮನ ಮೇಲೆ ಹಾಕಿಬಿಟ್ಟಳು.

"ವಾಪಸ್ ಅಂದಿದ್ನಲ್ಲೇ!"

"ಅರ್ಧ ವಾಪಸ್ ಬಂತಲ್ಲ, ಸುಮ್ನೆ ಕೂತ್ಕೊಳ್ಳಿ!"

ಸಂಘದ ಕಚೇರಿಯ ಗೋಡೆ ಮೇಲೆ ಆ ಫೋಟೋ ಈಗಲೂ ಇದೆ. ಒಂದೇ ಶಾಲಿನೊಳಗೆ ಇಬ್ಬರು ಬಾಯ್ತುಂಬ ನಗುತ್ತಿದ್ದಾರೆ. ನಡುವೆ, ಸೊಳ್ಳೆ ಹಾರಿಹೋಗದಂತೆ ಬಾಯಿಗೆ ಬಟ್ಟೆ ಕಟ್ಟಿದ ಉಪ್ಪಿನಕಾಯಿ ಬಾಟಲಿ.