ಸಿಲಿಕಾನ್ ಬಿಲ್ಲೆ ತೊಳೆಯುವ ಸಕ್ರವ್ವ

ಗಂಡನನ್ನು ಮಣ್ಣು ಮಾಡಿ ಇದು ಹದಿಮೂರನೇ ದಿನ. ನೆಂಟರೆಲ್ಲ ನಿನ್ನೆ ಸಂಜೆ ಊರಿಗೆ ಹೋದರು. ಹಾಲಿನವನು ಎಂದಿನ ಹೊತ್ತಿಗೆ ಬಂದು ಎಂದಿನಂತೆ ಒಂದು ಲೀಟರ್ ಹಾಕಿ ಹೋಗಿದ್ದಾನೆ. ಅರ್ಧ ಸಾಕು ಎಂದು ಹೇಳಲು ಮರೆತೆ. ಮನೆಯಲ್ಲಿ ಮಾಡಲು ಬೇರೇನೂ ಇಲ್ಲ. ವಿಜಯಪುರದಿಂದ ಟಿಕೋಟಾ ಕಡೆಯ ಮೊದಲ ಬಸ್ಸು ಹತ್ತುತ್ತೇನೆ.

ಇಟ್ಟಂಗಿಹಾಳದ ಆಚೆ, ರಸ್ತೆಯ ಬದಿಗೆ, ತಗಡಿನ ಮಾಡಿನ ಸಣ್ಣ ಘಟಕವಿದೆ. ದ್ರಾಕ್ಷಿ ಒಣಗಿಸುವ ಶೆಡ್ಡುಗಳ ತೇವ ಅಳೆಯುವ ಸೆನ್ಸರ್ ಚಿಪ್ಪುಗಳು ಇಲ್ಲಿ ತಯಾರಾಗುತ್ತವೆ. ಕೆಲಸಕ್ಕಿರುವವರು ಹದಿನಾಲ್ಕು ಜನ. ನನ್ನ ಗಂಡ ಸಿದ್ದಲಿಂಗೇಶ ಇಲ್ಲಿ ಇಂಜಿನಿಯರ್ ಆಗಿದ್ದರು. ನಾನು ಪತ್ರಿಕೆಗೆ ಬರೆಯುವವಳು. ‘ಸಕ್ರವ್ವನ ಬಗ್ಗೆ ಒಮ್ಮೆ ಬರಿ’ ಎಂದು ಎರಡು ವರ್ಷದಿಂದ ಹೇಳುತ್ತಿದ್ದರು.

ಬೆಳಗಿನ ಆರು ಗಂಟೆ. ನಿಡೋಣಿಯಿಂದ ಎರಡು ಬಸ್ಸು ಬದಲಿಸಿ ಬಂದ ಸಕ್ರವ್ವ ನಲ್ಲಿಯ ಮುಂದೆ ನಿಂತು ಹಣೆಯ ಕುಂಕುಮ ತಿಕ್ಕಿ ತೊಳೆಯುತ್ತಿದ್ದಾರೆ. ಬಳೆ ಬಿಚ್ಚುತ್ತಾರೆ, ಮುಡಿದ ಹೂ ತೆಗೆದು ಡಬ್ಬಿಗೆ ಹಾಕುತ್ತಾರೆ. ತಲೆಗೆ ಎಣ್ಣೆ ಇಲ್ಲ. ಆಮೇಲೆ ಬಿಳಿ ಅಂಗಿ, ಟೊಪ್ಪಿಗೆ, ಮುಖವಾಡ, ಎರಡು ಜೋಡಿ ಕೈಗವಸು. ಕೊನೆಗೆ ಕಾಣುವುದು ಎರಡು ಕಣ್ಣು ಮಾತ್ರ.

“ಅಕ್ಕಾರ, ಮಾರಿಗೆ ಪೌಡರ್ ಏನರ ಹಚ್ಚೀರೇನ್ರಿ?”

ಇಲ್ಲ ಎನ್ನುತ್ತೇನೆ.

“ಹಂಗಾರ ಬರ್ರಿ. ಕುಂಕುಮ, ವಿಭೂತಿ, ಬೆವರ, ಎಲ್ಲಾದ್ರಾಗೂ ಉಪ್ಪ ಇರತೈತಿ. ಒಂದ ಕಣ ಬಿದ್ರ ನಮ್ಮ ಬಿಲ್ಲಿ ಸತ್ತಂಗ.”

ನನಗೂ ಅದೇ ಅಂಗಿ, ಟೊಪ್ಪಿಗೆ ತೊಡಿಸಿ ಒಳಗೆ ಕರೆದೊಯ್ಯುತ್ತಾರೆ. ಬಿಲ್ಲೆ ಎಂದರೆ ಸಿಲಿಕಾನಿನ ದುಂಡನೆಯ ತೆಳು ತಟ್ಟೆ, ಅಂಗೈ ಅಗಲ, ಕನ್ನಡಿಯಂಥ ಹೊಳಪು. ಒಂದೊಂದರ ಮೇಲೂ ನೂರಾರು ಚಿಪ್ಪುಗಳು ಮೂಡುತ್ತವೆ. ಕೂದಲೆಳೆಯ ದಪ್ಪದಲ್ಲಿ ನೂರನೇ ಒಂದು ಪಾಲಿನಷ್ಟು ಧೂಳು ಕೂತರೂ ಅಲ್ಲಿನ ಚಿಪ್ಪು ಕೆಡುತ್ತದೆ. ಅದು ಕೂರದ ಹಾಗೆ ತೊಳೆಯುವುದು ಸಕ್ರವ್ವನ ಕೆಲಸ.

ಒಂದು ಬುಟ್ಟಿಗೆ ಇಪ್ಪತ್ತೈದು ಬಿಲ್ಲೆ, ದಿನಕ್ಕೆ ಎರಡು ಬುಟ್ಟಿ. ಮೊದಲ ತೊಟ್ಟಿಯಲ್ಲಿ ಅಮೋನಿಯಾ, ಪೆರಾಕ್ಸೈಡ್ ಬೆರೆಸಿದ ಎಪ್ಪತ್ತೈದು ಡಿಗ್ರಿಯ ನೀರು; ಹತ್ತು ನಿಮಿಷದಲ್ಲಿ ಧೂಳು, ಜಿಡ್ಡು ಬಿಡುತ್ತದೆ. ಎರಡನೆಯದರಲ್ಲಿ ಚರ್ಮಕ್ಕೆ ತಾಗಿದರೆ ಎಲುಬಿನವರೆಗೆ ಇಳಿಯುವ ಆಮ್ಲ. ಅಲ್ಲಿ ಅರ್ಧ ನಿಮಿಷ, ಅಷ್ಟೇ. ಮೂರನೆಯದು ಲೋಹದ ಅಂಶ ತೆಗೆಯುವ ಬಿಸಿ ತೊಟ್ಟಿ. ಪ್ರತಿಯೊಂದರ ನಂತರ ಶುದ್ಧ ನೀರು, ಕೊನೆಗೂ ಶುದ್ಧ ನೀರು. ನಮ್ಮ ಕಡೆಯ ಬೋರಿನ ಸವಳು ನೀರು ನಾಲ್ಕು ಯಂತ್ರ ದಾಟಿ, ಉಪ್ಪಿನ ಸುಳಿವೂ ಇಲ್ಲದಂತಾಗಿ ಇಲ್ಲಿಗೆ ಬರುತ್ತದೆ.

ಗೋಡೆಯಲ್ಲಿ ಗಡಿಯಾರವಿದೆ. ಸಕ್ರವ್ವ ಅದನ್ನು ನೋಡುವುದೇ ಅಪರೂಪ. ಬುಟ್ಟಿ ಮುಳುಗಿಸುತ್ತಾರೆ, ನಿಲ್ಲುತ್ತಾರೆ, ಎತ್ತುತ್ತಾರೆ. ನನ್ನ ಮೊಬೈಲ್ ಹೊರಗೆ ಬಿಟ್ಟಿದ್ದೇನೆ. ಗಡಿಯಾರದ ಮುಳ್ಳನ್ನೇ ಹಿಡಿದು ಲೆಕ್ಕ ಹಾಕುತ್ತೇನೆ. ಮೂವತ್ತು ಸೆಕೆಂಡು. ಮತ್ತೊಂದು ಬುಟ್ಟಿ. ಮೂವತ್ತು.

“ಟಿಕೋಟಾದಾಗ ಹನ್ನೊಂದ ವರ್ಷ ದ್ರಾಕ್ಷಿ ಅದ್ದೀನ್ರಿ, ಒಣಗಿಸೂಕಿಂತ ಮೊದಲ ಔಷಧದ ನೀರಾಗ. ಜಾಸ್ತಿ ಅದ್ದಿದ್ರ ಕಪ್ಪಾಗತೈತಿ, ಕಡಿಮಿ ಅದ್ದಿದ್ರ ಒಣಗಂಗಿಲ್ಲ. ಕೈಗೆ ಗೊತ್ತದ” ಎನ್ನುತ್ತಾರೆ. “ನೀರೂ ಹೇಳತೈತಿ. ಈ ಎರಡನೇದ್ದರಿಂದ ತಗದು ತೊಳದಾಗ ನೀರ ಎಣ್ಣಿ ಹಚ್ಚಿದ ಹಂಚಿನ ಮ್ಯಾಲಿನಂಗ ಓಡಬೇಕು. ಎಲ್ಲೆರ ಒಂದ ಹನಿ ಅಂಟಿ ನಿಂತ್ರ ಅಲ್ಲಿ ಹೊಲಸ ಐತಿ ಅಂತ ತಿಳೀರಿ.”

ಬುಟ್ಟಿ ಮೇಲೆ ಬರುತ್ತದೆ. ಇಪ್ಪತ್ತೈದು ಬಿಲ್ಲೆಗಳ ಮೇಲಿಂದ ನೀರು ಒಮ್ಮೆಗೇ ಜಾರಿ ಹೋಗುತ್ತದೆ. ಒರೆಸದೆಯೇ ಒಣಗಿದ ಇಪ್ಪತ್ತೈದು ಕನ್ನಡಿಗಳು. ಉಸಿರು ಬಿಡಲೂ ನನಗೆ ಅಂಜಿಕೆಯಾಗುತ್ತದೆ.

ಸಕ್ರವ್ವನಿಗೆ ನಲವತ್ತಾರು ವರ್ಷ. ಓದಿದ್ದು ನಾಲ್ಕನೇ ಇಯತ್ತೆ. ಗಂಡ ಸಿದ್ದರಾಯ ಕುರಿ ಕಾಯುತ್ತಾರೆ. ಆರು ವರ್ಷದ ಹಿಂದೆ ಇಲ್ಲಿ ನೆಲ ಒರೆಸಲು ಸೇರಿದವರು ಒಂದೇ ವರ್ಷದಲ್ಲಿ ತೊಟ್ಟಿಗೆ ಬಂದರು. ಕುಂಕುಮ ಒರೆಸುವ ಸುದ್ದಿ ಊರಿಗೆ ಮುಟ್ಟಿದಾಗ ಅತ್ತೆ ಮೂರು ದಿನ ಮಾತು ಬಿಟ್ಟಿದ್ದರು.

“‘ನನ್ನ ಮಗಾ ಗಟ್ಟಿಮುಟ್ಟ ಅದಾನ, ಹಣಿ ಯಾಕ ಒರಸ್ತಿ ಬೇ?’ ಅಂತ ಕೇಳಿದ್ರು. ನಮ್ಮ ಮನ್ಯಾನವ್ರಿಗೆ ಮಾತ್ರ ಚ್ಯಾಷ್ಟಿ. ‘ದಿನಾ ಎಂಟ ತಾಸ ನಾ ಸಾಯ್ತೀನಿ, ಸಂಜಿಗೆ ಎದ್ದ ಕುಂದರ್ತೀನಿ’ ಅಂತಾರ್ರಿ...”

ಹೇಳಿದವರೇ ನನ್ನತ್ತ ತಿರುಗಿ ತಡವರಿಸುತ್ತಾರೆ. ಮುಖವಾಡದ ಮೇಲಿನ ಕಣ್ಣುಗಳು ನೆಲ ನೋಡುತ್ತವೆ. ನನಗೆ ನಗು ಬರುತ್ತದೆ. ಹದಿಮೂರು ದಿನದಲ್ಲಿ ಮೊದಲ ಸಲ.

ಹೊರಗೆ ಸಕ್ರವ್ವನೊಡನೆ ಚಹಾ ಕುಡಿಯುವಾಗ ಮೇಲ್ವಿಚಾರಕ ಅತೀಕ ನನ್ನನ್ನು ಅತ್ತಿಗೆ ಎನ್ನುವ ಸಲುಗೆಯಲ್ಲಿ ವಿಷಯ ತೆಗೆಯುತ್ತಾರೆ. ಹೋದ ತಿಂಗಳು ಒಂದು ಬುಟ್ಟಿ ಪೂರ್ತಿ ಕೆಟ್ಟಿತು. ಪರೀಕ್ಷೆಯಲ್ಲಿ ಸಿಕ್ಕಿದ್ದು ಬೂದಿಯ ಅಂಶ, ಅದೂ ಕೊನೆಯ ತೊಟ್ಟಿಯ ನೀರಿನಲ್ಲಿ.

“ವೈನಿ, ಸೋಮವಾರದಿಂದ ಈಕಿನ್ನ ಪ್ಯಾಕಿಂಗಿಗೆ ಹಾಕ್ಬೇಕು ಅಂದಾರ ಮಾಲಕ್ರು. ಡಿಪ್ಲೊಮಾ ಆದಾವ ಒಬ್ಬ ಬರ್ತಾನ. ಒಳಗ ಯಾರ್ಯಾರ ಬಂದ್ರು, ಹೆಂಗ ಬಂದ್ರು ಅಂತ ಈಕಿ ನೋಟಬುಕ್ಕಿನ್ಯಾಗ ಬರೀತಾಳ. ಆ ತಿಂಗಳದ್ದ ಕೇಳಿದ್ರ ಕಳದೈತಿ ಅಂತಾಳ. ಇಷ್ಟ ವರ್ಷದಾಗ ಒಂದ ಪೆನ್ ಕಳಕೊಂಡಾಕಿ ಅಲ್ಲ ಈಕಿ!”

“ಕಳದೈತಿ ಅಂದ್ರ ಕಳದೈತಿ ತಗೋರಿ” ಎಂದು ಸಕ್ರವ್ವ ಎದ್ದು ಹೋಗುತ್ತಾರೆ. ಬಾಗಿಲ ಬಳಿ ನಿಂತು ನನಗೊಬ್ಬಳಿಗೇ ಹೇಳುತ್ತಾರೆ, “ಪ್ಯಾಕಿಂಗ್ ಹಗೂರ ಕೆಲಸ ಅಂತಾರ್ರಿ. ನನಗ ಹಗೂರ ಬ್ಯಾಡಾಗಿತ್ತು.”

ಮನೆಗೆ ಬಂದು, ಆಸ್ಪತ್ರೆಯವರು ಕೊಟ್ಟ ಮೇಲೆ ಮುಟ್ಟಿರದ ಗಂಡನ ಚೀಲ ತೆಗೆಯುತ್ತೇನೆ. ಊಟದ ಡಬ್ಬಿಯ ಕೆಳಗೆ ನೀಲಿ ರಟ್ಟಿನ ನೋಟಬುಕ್ಕು. ದಪ್ಪ ಅಕ್ಷರ, ಸಾಲಿಗೊಂದು ಹೆಸರು. ಶ್ರಾವಣದ ಕಡೆಯ ಸೋಮವಾರ ಹೀಗಿದೆ: ‘ಪಂಪ ಕೆಟ್ಟ ಗಂಟಿ ಹೊಡಿತು. ಸಿದಲಿಂಗೇಶ ಸಾಹೇಬರು ಓಡಿ ಬಂದರು. ಟೊಪ್ಪಿಗಿ ಇಲ್ಲ. ಹಣಿಗೆ ವಿಭೂತಿ. ಕಡೀ ತೊಟ್ಟಿ ಮ್ಯಾಲ ಬಗ್ಗಿದರು.’

ಆ ಬೆಳಿಗ್ಗೆ ಅವರು ಸಿದ್ಧೇಶ್ವರ ಗುಡಿಗೆ ಹೋಗಿ ಬಂದಿದ್ದರು. ನಾನೂ ಜೊತೆಗಿದ್ದೆ.

ಮರುದಿನ ಮತ್ತೆ ಮೊದಲ ಬಸ್ಸು. ನೋಟಬುಕ್ಕನ್ನು ಸಕ್ರವ್ವನ ಕೈಗೆ ಕೊಡುತ್ತೇನೆ. ಅತೀಕ ಅಲ್ಲೇ ಇದ್ದಾರೆ.

“ಯಾಕ ತಂದ್ರಿ ಅಕ್ಕಾರ?” ಸಕ್ರವ್ವನಿಗೆ ಸಿಟ್ಟು ಬಂದಿದೆ. “‘ಕೊಡು ಸಕ್ರವ್ವಾ, ನಾನ ಮಾಲಕ್ರಿಗೆ ತೋರಿಸಿ ಹೇಳ್ತೀನಿ’ ಅಂತ ಸಾಹೇಬ್ರ ಇಸಗೊಂಡ ಹೋಗಿದ್ರು. ಮರುದಿನಾನ ಹಂಗಾತು. ಹೋದವ್ರ ಹೆಸರ ಮ್ಯಾಲ ತಪ್ಪ ಹೆಂಗ ಹಾಕ್ಲಿ ನಾ?”

“ಅವರು ಹೇಳುವವರಿದ್ದರಲ್ಲ” ಎನ್ನುತ್ತೇನೆ. ಆ ಪುಟ ತೆರೆದು ಅತೀಕರಿಗೆ ತೋರಿಸುತ್ತೇನೆ.

ಅತೀಕ ಆ ಪುಟ ಎರಡು ಸಲ ಓದುತ್ತಾರೆ. “ವೈನಿ, ಇದನ್ನ ಮಾಲಕ್ರಿಗೆ ತೋರಸ್ಬೇಕಾಗತೈತಿ.”

“ತೋರಿಸಿ. ಪತ್ರಿಕೆಯಲ್ಲೂ ಬರೆಯುತ್ತೇನೆ.”

ಅವರು ಮೊಬೈಲಿನಲ್ಲಿ ಪುಟದ ಫೋಟೊ ತೆಗೆದು ಕಳಿಸಿ, ಹೊರಗೆ ಹೋಗಿ ಫೋನು ಹಚ್ಚುತ್ತಾರೆ. ಬಹಳ ಹೊತ್ತಾಗುವುದಿಲ್ಲ. “ಸಕ್ರವ್ವಕ್ಕ, ಪ್ಯಾಕಿಂಗ್ ಇಲ್ಲ. ಆ ಹುಡುಗ ಬಂದ್ರ ನೀನ ಕಲಸ್ಬೇಕಂತ.”

“ಡಿಪ್ಲೊಮಾದಾವಗ ನಾ ಏನ ಕಲಸ್ಲಿ? ಮೊದಲ ಮಾರಿ ತೊಳ್ಕೊಳ್ಳೂದ ಕಲಸ್ತೀನಿ” ಎಂದು ಸಕ್ರವ್ವ ಮೂಗಿನಲ್ಲೇ ನಗುತ್ತಾರೆ.

ಕಾಗದದ ಎಳೆ ಉದುರುತ್ತದೆಂದು ನೋಟಬುಕ್ಕನ್ನು ಒಳಗೆ ಒಯ್ಯುವಂತಿಲ್ಲ. ಬಟ್ಟೆ ಬದಲಿಸುವ ಕೋಣೆಯ ಕಟ್ಟೆಯ ಮೇಲೆ ಅದನ್ನು ಬಿಚ್ಚಿ, ಇವತ್ತಿನ ತಾರೀಖು ಹಾಕುತ್ತಾರೆ.

“ಅಕ್ಕಾರ, ನಿಮ್ಮ ಹೆಸರ ಏನ್ರಿ? ಇಷ್ಟ ದಿನಾ ಸಾಹೇಬ್ರ ಮನಿಯವ್ರು ಅಂತಿದ್ನಿ.”

“ವಿಜಯಲಕ್ಷ್ಮೀ.”

ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಾರೆ. ಒತ್ತಕ್ಷರದ ಹತ್ತಿರ ನಿಂತು ನನ್ನ ಮುಖ ನೋಡುತ್ತಾರೆ. ನಾನು ಬೆರಳಿನಿಂದ ಕಟ್ಟೆಯ ಮೇಲೆ ಬರೆದು ತೋರಿಸುತ್ತೇನೆ. ಆಮೇಲೆ ಕೈಗವಸು ಏರಿಸಿಕೊಳ್ಳುತ್ತಾ ಹೇಳುತ್ತಾರೆ:

“ನಡೀರಿ ಒಳಗ. ಇಪ್ಪತ್ತೈದ ಅದಾವ. ಇವತ್ತ ಒಂದೂ ಕೆಡಂಗಿಲ್ಲ, ಬೇಕಾರ ನಿಂತ ನೋಡ್ರಿ.”