ಗಳಿಗೆಪ್ಪನ ಬಟ್ಟಲು

ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಇಪ್ಪತ್ತಾರು ವರ್ಷ ಕಂಟ್ರೋಲರ್ ಆಗಿ ಕುಳಿತ ಸಿದ್ದಾರೂಢನನ್ನು ಊರು ಎರಡೇ ಮಾತಿನಲ್ಲಿ ಮುಗಿಸಿಬಿಡುತ್ತದೆ: ಒಳ್ಳೆಯ ಮನುಷ್ಯ, ಆದರೆ ಗಡಿಯಾರಕ್ಕೆ ಹುಟ್ಟಿದವ. ಅವನ ಮೈಕಿನಿಂದ ಒಮ್ಮೆ ಹೊತ್ತು ಕೂಗಿದರೆ ಬಸ್ಸು ಹೊರಡಲೇಬೇಕು. ಓಡಿಬರುವವರು ಮುದುಕಿಯಾಗಿರಲಿ, ದೊಡ್ಡ ಸಾಹೇಬರಾಗಿರಲಿ. ಅವನ ಸ್ವಂತ ತಂಗಿಯೇ ಒಂದು ಸಲ ದೇವಣಗಾಂವದ ಬಸ್ಸಿನ ಹಿಂದೆ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದ್ದಳು. ಇವನು ಕಿಟಕಿಯಿಂದ ಅವಳನ್ನು ನೋಡಿದ, ಕೈಗಡಿಯಾರ ನೋಡಿದ, ಬಸ್ಸು ಬಿಟ್ಟ. ಆಮೇಲೆ ಚಹಾ ಕುಡಿಸಿ, ಮುಂದಿನ ಬಸ್ಸಿಗೆ ಕೂಡಿಸಿ ಕಳಿಸಿದ. ಆ ವರ್ಷ ಪಂಚಮಿಗೆ ತಂಗಿ ತವರಿಗೆ ಬರಲಿಲ್ಲ.

ಇಂಥ ಮನುಷ್ಯ ದೇವರನ್ನು ಸೃಷ್ಟಿಸಲು ಕುಳಿತರೆ ಎಂಥ ದೇವರು ಹುಟ್ಟಬೇಕು? ಅಂಥದೇ ಹುಟ್ಟಿತು.

ಅದು ವಿಜಯಪುರದ ಹಾಸ್ಟೆಲ್ಲಿನ ಕಾಲದ ಮಾತು. ಒಂದು ಕೋಣೆಯಲ್ಲಿ ನಾಲ್ವರು: ಇವನು, ಇಂಡಿ ಊರಿನ ಕಾಂತು, ತಾಳಿಕೋಟೆಯ ಮಂಜೂರ, ಬಸವನ ಬಾಗೇವಾಡಿಯ ಸಂಜೀವಕುಮಾರ. ಹಳೇ ಪುಸ್ತಕದ ಗಾಡಿಯಲ್ಲಿ ಸಿದ್ದಾರೂಢನಿಗೆ ಅರ್ಧ ಹರಿದ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತು. ಒಬ್ಬ ಕಥೆ ಹೇಳಬೇಕು, ಉಳಿದವರು ಒಬ್ಬೊಬ್ಬ ವೀರನ ವೇಷ ಹೊತ್ತು ಅದರೊಳಗೆ ಓಡಾಡಬೇಕು, ಗೆಲ್ಲುವುದು ಸೋಲುವುದು ದಾಳ ಹೇಳಬೇಕು, ಅದೇ ಆಟ. ಪುಸ್ತಕ ಕೇಳಿದ ಇಪ್ಪತ್ತು ಮುಖದ ದಾಳ ವಿಜಯಪುರದಲ್ಲಿ ಎಲ್ಲಿ ಸಿಗಬೇಕು? ಸಿದ್ದಾರೂಢ ಊರಿಗೆ ಹೋದಾಗ ಅವ್ವನ ಆರು ಕವಡೆ ಎತ್ತಿಕೊಂಡು ಬಂದ. ಪುಸ್ತಕದ ನಾಡಿನ ತುಂಬ ಹಿಮ ಬೀಳುತ್ತಿತ್ತು. ಹಿಮವೆಂದರೆ ಐಸ್‌ಕ್ಯಾಂಡಿ ಡಬ್ಬಿಗಿಂತ ಹೆಚ್ಚೇನೂ ಕಾಣದ ಹುಡುಗರಿಗಾಗಿ ಅವನು ಹನ್ನೆರಡು ಕೋಟೆಯ ಸೀಮೆ ಎಂಬ ಬೇರೆಯೇ ನಾಡು ಕಟ್ಟಿದ. ನೌಕರಿ ಸಿಕ್ಕ ಮೇಲೂ ಕಟ್ಟುತ್ತಲೇ ಹೋದ, ರದ್ದಾದ ವೇಳಾಪಟ್ಟಿಗಳ ಬೆನ್ನ ಮೇಲೆ ಬರೆದು.

ಆ ಸೀಮೆಯ ಎಲ್ಲ ದೇವರಿಗೂ ದೊಡ್ಡ ದೇವರು ಗಳಿಗೆಪ್ಪ. ಕಾಲದ ದೇವರು. ಅವನಿಗೆ ಗುಡಿ ಇದೆ, ಮೂರ್ತಿ ಇದೆ, ಮುಖ ಮಾತ್ರ ಇಲ್ಲ. ಯಾವ ಬಾಗಿಲಿನಿಂದ ಒಳಗೆ ಹೋದರೂ ಬೆನ್ನೇ ಕಾಣುತ್ತದೆ. ಕಾಯಿ ಒಡೆದರೆ, ಕೋಳಿ ಕೊಯ್ದರೆ ಅವನು ತಿರುಗುವುದಿಲ್ಲ. ಸಾಯುವವನನ್ನು ಮಾತ್ರ ಅವನು ಒಂದು ಪ್ರಶ್ನೆ ಕೇಳುತ್ತಾನೆ: ನೀನು ಯಾಕೆ ಬದುಕಬೇಕು? ಉತ್ತರ ಹೇಳಿ, ಆ ವೀರನ ವೇಷ ಹೊತ್ತವನೇ ತನ್ನ ಕೈಯಾರೆ ಕವಡೆ ಹಾಕಬೇಕು. ಆರರಲ್ಲಿ ನಾಲ್ಕಾದರೂ ಬಾಯಿ ಮೇಲಾಗಿ ಬಿದ್ದರೆ ದೇವರು ಮುಖ ತಿರುಗಿಸುತ್ತಾನೆ, ಬಿದ್ದವನು ಏಳುತ್ತಾನೆ. ಆದರೆ ಬಟ್ಟಲು ಮುಳುಗುವುದರೊಳಗೆ.

ಬಟ್ಟಲು ಸುಳ್ಳಿನದಲ್ಲ. ಸಿದ್ದಾರೂಢನ ಅಜ್ಜ ಮದುವೆಮನೆಗಳಲ್ಲಿ ಮುಹೂರ್ತ ನೋಡಲು ಇಡುತ್ತಿದ್ದ ಗಳಿಗೆಬಟ್ಟಲು ಅದು, ತಳದಲ್ಲಿ ಸೂಜಿಯಷ್ಟು ತೂತಿರುವ ತಾಮ್ರದ್ದು. ನೀರಿನ ಮೇಲೆ ಬಿಟ್ಟರೆ ಇಪ್ಪತ್ನಾಲ್ಕು ನಿಮಿಷಕ್ಕೆ ತುಂಬಿ ಮುಳುಗುತ್ತದೆ. ಕಥೆ ಹೇಳುವವನು ಬಟ್ಟಲನ್ನು ನೀರಿನಿಂದ ಎತ್ತಿದನೆಂದರೆ ಸೀಮೆಯಲ್ಲಿ ಕಾಲ ನಿಲ್ಲುತ್ತದೆ. ಹಾರಿದ ಹಕ್ಕಿ ಹಾರಿದಲ್ಲೇ, ಎತ್ತಿದ ಕತ್ತಿ ಎತ್ತಿದಲ್ಲೇ.

ಮದುವೆ, ಮಕ್ಕಳು, ಹೊಟ್ಟೆಪಾಡು ಬಂದ ಮೇಲೂ ಆಟ ನಿಲ್ಲಲಿಲ್ಲ. ಅಮಾವಾಸ್ಯೆಯ ದಿನ ಕಾಂತುವಿನ ನಿಂಬೆಹಣ್ಣಿನ ಅಡತಿ ವ್ಯಾಪಾರ ಬಂದ್, ಮಂಜೂರನ ಮೋಟಾರ್ ವೈಂಡಿಂಗ್ ಅಂಗಡಿಗೂ ಗಿರಾಕಿ ಇಲ್ಲ. ಸಂಜೀವಕುಮಾರ ಮೇಷ್ಟ್ರಾಗಿದ್ದ, ಹೊಟ್ಟೆನೋವಿನ ರಜೆ ಹಾಕುತ್ತಿದ್ದ. ಸಿದ್ದಾರೂಢ ಅವತ್ತಿನ ಪಾಳಿ ಬದಲಿಸಿಕೊಳ್ಳುವನು, ಎಲ್ಲರೂ ಬಸ್ ಸ್ಟ್ಯಾಂಡಿನ ಹಿಂದಿನ ಅವನ ಮನೆಗೆ ಬರುವರು. ಮೀಸೆ ನೆರೆತ ಗಂಡಸರು ಕಂಬಳಿ ಮೇಲೆ ಕುಳಿತು ಕತ್ತಿ ಝಳಪಿಸುವುದನ್ನು ನೋಡಿ ಓಣಿಯ ಹೆಂಗಸರು ಬಾಯಿಗೆ ಸೆರಗು ಹಚ್ಚಿ ನಗುವರು. ಮೊದಲು ಸಂಜೀವಕುಮಾರ ವರ್ಗವಾಗಿ ದೂರ ಹೋದ, ಮೂವರು ಉಳಿದರು.

ಏಳು ವರ್ಷದ ಹಿಂದಿನ ಒಂದು ಅಮಾವಾಸ್ಯೆ. ಮಂಜೂರನ ವೀರ, ಕೋಟೆ ಹತ್ತುವುದರಲ್ಲಿ ಎತ್ತಿದ ಕೈಯಾದ ಬಿರುಗಾಳಿ ದಸ್ತಗೀರ, ಗಳಿಗೆಪ್ಪನ ಗುಡಿಯ ಹೊಸ್ತಿಲಲ್ಲೇ ಎದೆಗೆ ಬಾಣ ತಿಂದು ಬಿದ್ದ. ಬಟ್ಟಲು ನೀರಿಗಿಳಿಯಿತು. ದೇವರು ಕೇಳಿದ: ಯಾಕೆ ಬದುಕಬೇಕು? ಮಂಜೂರ ಮಾತಿನ ಮಲ್ಲ. ಆದರೆ ಅವತ್ತು ಕವಡೆಗಳನ್ನು ಮುಷ್ಟಿಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನೆ ಕುಳಿತ. ಕೊನೆಗೆ, "ನಾ ಯಾಕ ಬದುಕಬೇಕಂದ್ರ..." ಎಂದು ಬಾಯಿ ತೆರೆದ. ಅಷ್ಟರಲ್ಲಿ ಗೋಡೆಯಾಚೆಯ ಸ್ಟ್ಯಾಂಡಿನ ಮೈಕು ಐದೂಕಾಲರ ತಾಳಿಕೋಟೆ ಬಸ್ಸನ್ನು ಕೂಗಿತು. ಆ ದಿನಕ್ಕೆ ಅದೇ ಕೊನೆಯದು.

"ಏಳ ಮಂಜೂರ, ಬಸ್ ಹೊಂಡತೈತಿ," ಎಂದ ಸಿದ್ದಾರೂಢ.

"ಲೇ ಸಿದ್ದ್ಯಾ, ಹತ್ತ ನಿಮಿಷ ನಿಂದ್ರಸೋ. ನೀನ ಕಂಟ್ರೋಲರ್ ಅದೀಯಲ್ಲ. ಫೋನ್ ಮಾಡ."

"ಹತ್ತ ನಿಮಿಷ ಅಲ್ಲ, ಹತ್ತ ಸೆಕೆಂಡ್ ನಿಂದ್ರಂಗಿಲ್ಲ. ಕುಂತ ಮಂದಿ ನಿನ್ನ ಆಳಲ್ಲ."

"ಉಳೀತೇನಿ ಇಲ್ಲ ಅದನ್ನಾರ ಹೇಳಲೇ."

"ಕುಂತಾಗ ಹೇಳ್ತೇನಿ. ಮುಂದಿನ ಅಮಾಸಿಗಿ ಬಾ. ಅಲ್ಲೀ ಮಟ ಅಲ್ಲಿ ಹೊತ್ತ ನಿಂತಿರ್ತೈತಿ."

ಹಾಗೆಂದವನೇ ಬಟ್ಟಲನ್ನು ಎತ್ತಿಬಿಟ್ಟ. ಅರ್ಧ ತುಂಬಿತ್ತು. ಲೆಕ್ಕ ತಪ್ಪಬಾರದೆಂದು ನೀರು ನಿಂತ ಕಡೆ ಒಳಗೆ ಮೊಳೆಯಿಂದ ಗೀರು ಹಾಕಿದ. ಮಂಜೂರ ಓಡಿ ಬಸ್ಸು ಹಿಡಿದ.

ಮುಂದಿನ ಅಮಾವಾಸ್ಯೆಗೆ ಕಾಂತುವಿನ ಮನೆಯಲ್ಲಿ ಸೀಮಂತದ ತಯಾರಿ. ಅದರ ಮುಂದಿನದಕ್ಕೆ ಮಂಜೂರನಿಗೆ ಪಂಪ್‌ಸೆಟ್ಟಿನ ಸುಗ್ಗಿ. ಆಮೇಲೆ ರೋಗ ಬಂದು ದೇಶಕ್ಕೇ ಬೀಗ ಬಿತ್ತು, ಬೀಗ ತೆಗೆದ ಮೇಲೆ ಸಿದ್ದಾರೂಢನ ಅವ್ವ ತೀರಿಕೊಂಡಳು. ಯಾರೂ ಆಟ ಬಿಟ್ಟೆ ಎನ್ನಲಿಲ್ಲ. ಎಲ್ಲರೂ ಮುಂದಿನ ಅಮಾವಾಸ್ಯೆಗೆ ಎಂದರು. ನಾಳೆ ಎಂದವನ ಮನೆ ಹಾಳು ಎನ್ನುತ್ತಾರಲ್ಲ, ಹಾಳಾಗುವಾಗ ಸಪ್ಪಳವೂ ಆಗುವುದಿಲ್ಲ. ಮಂಜೂರ ಮಾತ್ರ ತಿಂಗಳಿಗೊಮ್ಮೆ ಫೋನು ಮಾಡುವನು. ಹಲೋ ಇಲ್ಲ, ಆರಾಮ ಅದೀಯಾ ಇಲ್ಲ, "ಉಳಿದೆನೇನಲೇ?" ಎನ್ನುವನು. "ಕುಂತಾಗ ಹೇಳ್ತೇನಿ," ಎಂದು ಇವನು ನಗುವನು. ಹೇಳಲು ಇವನಿಗೂ ಗೊತ್ತಿರಲಿಲ್ಲ ಎಂಬುದು ಬೇರೆ ಮಾತು. ಕವಡೆ ಬೀಳದೆ ಗಳಿಗೆಪ್ಪನಿಗೂ ಗೊತ್ತಿಲ್ಲ.

ಹೋದ ಚಳಿಗಾಲದಲ್ಲಿ ಮಂಜೂರ ಅಂಗಡಿಯಲ್ಲೇ ಕುಸಿದ. ತಲೆಯೊಳಗೆ ನರ ಒಡೆದಿತ್ತು. ಸಿದ್ದಾರೂಢ ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಮಣ್ಣು ಕೊಟ್ಟು ಬಂದ ಮೇಲೆ ಅವನು ಬಟ್ಟಲನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. ಊಟಕ್ಕೆ ಕುಳಿತಾಗ, ಸಂಬಳದ ಚೀಟಿಗೆ ಸಹಿ ಮಾಡುವಾಗ, ಅವನಿಗೆ ಒಂದೇ ಮಾತು ಕೊರೆಯುತ್ತಿತ್ತು: ಹತ್ತು ನಿಮಿಷ ಕೇಳಿದ್ದ.

ನಾಲ್ಕು ತಿಂಗಳ ನಂತರ ಮಂಜೂರನ ಹೆಂಡತಿ ಶಬಾನಾ ಫೋನು ಮಾಡಿದಳು, ಅಮಾವಾಸ್ಯೆಗೆ ಬರುತ್ತೇನೆಂದು. ಸಿದ್ದಾರೂಢ ಕಾಂತುವಿಗೆ ಹೇಳಿದ. ಏಳು ವರ್ಷ ಆಟಕ್ಕೆ ಬಿಡುವಾಗದ ಕಾಂತು, ದುಃಖಕ್ಕೆಂದಾಗ ಮಧ್ಯಾಹ್ನವೇ ಕಾರು ತಂದು ನಿಲ್ಲಿಸಿದ, ಕೈಯಲ್ಲಿ ಒಂದು ಚೀಲ ನಿಂಬೆಹಣ್ಣು.

ಶಬಾನಾ ಊಟ ಒಲ್ಲೆನೆಂದಳು, ಚಹಾ ಕುಡಿದಳು. ಮುದ್ದೇಬಿಹಾಳದಲ್ಲಿರುವ ಅಣ್ಣನ ಮನೆಗೆ ಹೋಗಿ ಇರಬೇಕೆಂದಿದ್ದೇನೆ, ಅಂಗಡಿ ಮಾರಿಯಾಯಿತು ಎಂದಳು. ಗಂಟೆ ಐದರ ಹತ್ತಿರ ಬಂದಿತ್ತು. ಆಗ ತಲೆ ಎತ್ತದೆ ಕೇಳಿದಳು:

"ಅಣ್ಣಾರ, ಒಂದ ಮಾತ ಕೇಳಬೇಕಾಗೇತ್ರಿ. ದವಾಖಾನಿಗಿ ಒಯ್ಯೂ ಮುಂದ ಗಾಡಿಯೊಳಗ ಅವರಿಗಿ ಇನ್ನೂ ಮಾತ ಬರ್ತಿತ್ರಿ. ಸಿದ್ದ್ಯಾಗ ಕೇಳ, ಉಳಿದೆನೋ ಇಲ್ಲೋ ಕೇಳ, ಅಂದ್ರ್ರಿ. ನಾ ತಲಿ ಕೆಟ್ಟೈತಿ ಅನ್ಕೊಂಡ್ನಿ. ಆಮ್ಯಾಲ ನಮ್ಮ ಮಗಳು ಹೇಳಿದ್ಲು, ಅದು ನಿಮ್ಮ ಆಟದ ಮಾತು ಅಂತ. ಉಳಿದ್ರೇನ್ರಿ?"

ಕಾಂತು ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡ. ಹೌದು ಉಳಿದ ಎಂದರೆ ಮುಗಿಯುತ್ತಿತ್ತು. ಆದರೆ ಹೊತ್ತಿನ ವಿಷಯದಲ್ಲಿ ಸುಳ್ಳು ಹೇಳಿ ಗೊತ್ತಿಲ್ಲದ ಸಿದ್ದಾರೂಢನ ನಾಲಿಗೆ ಏಳಲಿಲ್ಲ.

"ನನಗೂ ಗೊತ್ತಿಲ್ರಿ ಭಾಭಿ. ಅವನ ಪಾಳಿ ಹಂಗ ಉಳದೈತಿ. ಕವಡಿ ಹಾಕಿದ್ರಷ್ಟ ಗೊತ್ತಾಗ್ತೈತಿ."

"ಈಗ ಹಾಕಾಕ ಬರ್ತೈತೇನ್ರಿ?"

"ಅವನ ಕೈ ಬೇಕ್ರಿ."

"ನನ್ನ ಕೈ ನಡೀತೈತೇನ್ರಿ?"

ಸಿದ್ದಾರೂಢ ಅಟ್ಟದಿಂದ ಬಟ್ಟಲು ಇಳಿಸಿದ. ಗೀರಿನವರೆಗೆ ನೀರು ಹಾಕಿ ಬೋಗುಣಿಯಲ್ಲಿ ತೇಲಿಬಿಟ್ಟ. ಐದು ಗಂಟೆ ಐದು ನಿಮಿಷವಾಗಿತ್ತು. ಉಳಿದದ್ದು ಹನ್ನೆರಡು ನಿಮಿಷ. ಏಳು ವರ್ಷ ನಿಂತ ಹೊತ್ತು ಹನ್ನೆರಡು ಕೋಟೆಯ ಸೀಮೆಯಲ್ಲಿ ಮತ್ತೆ ಹರಿಯತೊಡಗಿತು. ಅವನು ಕಥೆ ಹೇಳುವ ದನಿಯಲ್ಲಿ ಹೇಳಿದ: ದಸ್ತಗೀರ ಹೊಸ್ತಿಲಲ್ಲಿ ಬಿದ್ದಿದ್ದಾನೆ, ದೇವರು ಬೆನ್ನು ಹಾಕಿ ಕೇಳುತ್ತಿದ್ದಾನೆ, ನೀನು ಯಾಕೆ ಬದುಕಬೇಕು?

ಶಬಾನಾ ಆರು ಕವಡೆ ಮುಷ್ಟಿಯಲ್ಲಿ ಹಿಡಿದಳು.

"ಅವರು ಏನಂದಿದ್ರ್ರಿ?"

"ಯಾಕ ಬದುಕಬೇಕಂದ್ರ, ಅಂದ. ಅಷ್ಟರಾಗ ಬಸ್ ಬಂತ್ರಿ. ನಾನ ಎಬ್ಬಿಸಿ ಕಳಿಸಿದ್ನಿ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಮೈಕಿನಲ್ಲಿ ತಾಳಿಕೋಟೆ ಬಸ್ಸಿನ ಕೂಗು ಬಂತು. ಸಿದ್ದಾರೂಢನ ಕೈ ತಾನೇ ಫೋನಿಗೆ ಹೋಯಿತು. ಅವತ್ತು ಪಾಳಿಯಲ್ಲಿದ್ದವಳು ಇಂದ್ರಾಬಾಯಿ, ಅವನೇ ಕೆಲಸ ಕಲಿಸಿದ ಕಂಟ್ರೋಲರ್.

"ಇಂದ್ರಾಬಾಯಿ, ತಾಳಿಕೋಟಿ ಗಾಡಿ ಐದ ನಿಮಿಷ ನಿಂದ್ರಸವಾ."

"ಸರ್, ನೀವ ಹಿಂಗಂದ್ರ ಹೆಂಗ್ರಿ? ಹತ್ತ ಸೆಕೆಂಡ್ ನಿಂದ್ರಸಬಾರದಂತ ನನಗ ಕಲಿಸಿದಾವ್ರ ನೀವಲ್ರಿ? ಮಂದಿ ಕುಂತೈತ್ರಿ."

"ಹೌದವಾ, ಖರೆ ಐತಿ," ಎಂದು ಫೋನಿಟ್ಟ. ಗೋಡೆಯಾಚೆ ಹಾರ್ನು ಕೇಳಿತು, ಬಸ್ಸು ಹೊರಟಿತು. ಶಬಾನಾ ಏಳಲಿಲ್ಲ. "ನಾ ಕಾರಿನಾಗ ಬಿಟ್ಟ ಬರ್ತೇನಿ, ನೀವು ಕವಡಿ ಹಾಕ್ರಿ ವೈನಿ," ಎಂದ ಕಾಂತು. ಬಟ್ಟಲಿನ ಅಂಚು ನೀರಿಗೆ ಒಂದು ಬೆರಳು ಮೇಲಿತ್ತು. "ಲಗೂ ಹಾಕ್ರಿ," ಎಂದ ಕಾಂತುವೇ ಮತ್ತೆ.

"ದವಾಖಾನ್ಯಾಗೂ ಹಿಂಗ ಅಂದ್ರ್ರಿ," ಎಂದಳು ಶಬಾನಾ. ಅವಳ ಕಣ್ಣು ಬಟ್ಟಲಿನ ಮೇಲಿತ್ತು. "ಆಪರೇಶನ್ ಮಾಡಿದ್ರ ಉಳೀಬಹುದು, ಅಲ್ಲೇ ಹೋಗ್ಲೂಬಹುದು, ಒಂದ ತಾಸಿನಾಗ ಸಹಿ ಮಾಡ್ರಿ ಅಂದ್ರು. ಕೈಯಾಗ ಪೆನ್ ಕೊಟ್ರು. ಮೈದುನ ಬರ್ಲಿ ಅಂತ ಕುಂತ್ನಿ. ಪೆನ್ ಹಿಡಕೊಂಡ ಕುಂತ್ನ್ರಿ ಅಣ್ಣಾರ. ನನ್ನಿಂದ ಆಗ್ಲಿಲ್ಲ. ತಾಸ ಆಗಿಹೋತು."

ಸಿದ್ದಾರೂಢ ಬಟ್ಟಲಿನ ಕಡೆ ಬಾಗಿದ. ಕೈ ಚಾಚಿ ಬಟ್ಟಲು ಎತ್ತಿದರೆ ಸಾಕು, ಸೀಮೆಯಲ್ಲಿ ಮತ್ತೆ ಹೊತ್ತು ನಿಲ್ಲುತ್ತಿತ್ತು. ದಸ್ತಗೀರ ಇನ್ನೂ ಏಳು ವರ್ಷ, ಎಪ್ಪತ್ತು ವರ್ಷ ಸಾಯದೆ ಇರುತ್ತಿದ್ದ. ಕೈ ಅರ್ಧ ದಾರಿ ಹೋಗಿತ್ತು ಕೂಡ. ಆದರೆ ಬಟ್ಟಲು ಗುಳುಕ್ಕೆಂದು ಮುಳುಗಿ ಬೋಗುಣಿಯ ತಳ ಮುಟ್ಟಿತು.

"ಮುಗೀತೇನ್ರಿ?"

"ಮುಗೀತ್ರಿ ಭಾಭಿ."

ಆಗ ಶಬಾನಾಳ ಮುಷ್ಟಿ ತಾನಾಗಿ ಸಡಿಲಾಯಿತು. ಕವಡೆಗಳು ಕಂಬಳಿ ಮೇಲೆ ಉದುರಿದವು. ಅವು ಉರುಳಿ ನಿಲ್ಲುತ್ತಿದ್ದಂತೆ ಸಿದ್ದಾರೂಢ ಬಾಗಿ ಎರಡೂ ಅಂಗೈಯನ್ನು ಅವುಗಳ ಮೇಲೆ ಮುಚ್ಚಿದ.

"ಎಷ್ಟ ಬಿದ್ದಿದ್ವ್ರಿ?" ಎಂದಳು ಅವಳು.

"ನಾ ನೋಡ್ಲಿಲ್ರಿ."

ಅದು ಖರೆಯೇ ಇತ್ತು, ಅವನು ನೋಡಿರಲಿಲ್ಲ. ಆದರೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಆ ಕವಡೆ ಆಡಿಸಿದ ಕೈ ಅದು. ಅಂಗೈಗೆ ಒಂದು ಕವಡೆಯ ನುಣ್ಣನೆಯ ಬೆನ್ನು ತಾಗುತ್ತಿತ್ತು; ಉಳಿದ ಐದರ ಬಾಯಿಯ ಹಲ್ಲುಗಳು ಚುಚ್ಚುತ್ತಿದ್ದವು. ಕಾಂತು ಶಬಾನಾಳನ್ನು ಕರೆದುಕೊಂಡು ಹೋಗಿ ಕಾರಿನ ಬಾಗಿಲು ಹಾಕುವವರೆಗೂ ಸಿದ್ದಾರೂಢ ಕೈ ಎತ್ತಲಿಲ್ಲ.