ಐದನೇ ದಿನದ ಮಧ್ಯಾಹ್ನ

ಆ ದಿನದ ಬೆಳಗೂ ಎಲ್ಲ ಬೆಳಗುಗಳಂತೆ ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸುವುದರಿಂದಲೇ ಶುರುವಾಯಿತು. ಅಂಗಳಕ್ಕೆ ನೀರು ಚಿಮುಕಿಸಿ, ಅವಸರದ ಒಂದು ರಂಗೋಲಿ ಎಳೆದು, ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕುವುದಕ್ಕೆ ಮುಂಚಿನ ಎರಡು ನಿಮಿಷ ನಾನು ಅಡುಗೆಮನೆಯ ಕಟ್ಟೆಗೆ ಒರಗಿ ಸುಮ್ಮನೆ ನಿಲ್ಲುತ್ತೇನೆ. ಮದುವೆಯಾದ ಇಪ್ಪತ್ತೈದು ವರ್ಷಗಳಲ್ಲಿ ದಿನಕ್ಕೊಮ್ಮೆ ನನ್ನದೇ ಎಂದು ಹೇಳಿಕೊಳ್ಳಬಹುದಾದ ಕಾಲ ಅದೊಂದೇ. ಹಾಗೆ ನಿಂತಾಗ ಕಣ್ಣಿಗೆ ಬಿದ್ದದ್ದು ಕಪಾಟಿನ ಮೇಲೆ ಬೋರಲಾಗಿ ಮಲಗಿದ್ದ ಪಾರ್ವತಮ್ಮನವರ ಬಟ್ಟಲು.

ಪಾರ್ವತಮ್ಮ ನಮ್ಮ ಪಕ್ಕದ ಮನೆಯವರು. ನಾಲ್ಕು ದಿನದ ಹಿಂದೆ ಆ ಬಟ್ಟಲಿನಲ್ಲಿ ಗೋಧಿಹುಗ್ಗಿ ತುಂಬಿಸಿ ಕೊಟ್ಟಿದ್ದರು. ಅಂಚಿನಲ್ಲಿ ಚುಕ್ಕಿಚುಕ್ಕಿಯಾಗಿ ಹೆಸರು ಕೊರೆಸಿದ ಸ್ಟೀಲಿನ ಬಟ್ಟಲು. ಹುಗ್ಗಿ ಅಂದೇ ಮುಗಿಯಿತು, ಬಟ್ಟಲು ಅಂದೇ ತೊಳೆದಾಯಿತು, ಆದರೆ ಹಿಂದಿರುಗಿಸುವ ಹಾಗಿಲ್ಲ. ನಿಮಗೂ ಗೊತ್ತಿರಬೇಕು, ನಮ್ಮ ಚಳ್ಳಕೆರೆಯಲ್ಲಿ ಒಂದು ಮನೆಯ ಪಾತ್ರೆ ಇನ್ನೊಂದು ಮನೆಯಿಂದ ಬರಿದಾಗಿ ಹೊರಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ, ಸಕ್ಕರೆಯೂ ಇಲ್ಲದಿದ್ದರೆ ನಾಲ್ಕು ಹಸಿಮೆಣಸಿನಕಾಯಿ. ನನಗೆ ಆ ನಾಲ್ಕು ದಿನ ಸಕ್ಕರೆ ಹಾಕುವಷ್ಟೂ ಪುರುಸೊತ್ತು ಸಿಕ್ಕಿರಲಿಲ್ಲ.

ಪುರುಸೊತ್ತನ್ನು ನುಂಗಿದ್ದು ಬಟ್ಟಲಿನ ಪಕ್ಕದಲ್ಲಿ ಗೋಡೆಗೆ ನೇತಾಡುತ್ತಿದ್ದ ಹಾಳೆ. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಬೆನ್ನುಮೇಲಾಗಿಸಿ, ಸ್ಕೇಲು ಹಿಡಿದು ಏಳು ಸಾಲು, ಮೂರು ಕಾಲಮ್ಮು ಎಳೆದಿದ್ದೆ. ಏಳು ದಿನ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಚೌಕಾಬಾರದ ಮನೆಗಳಂತಿದ್ದ ಆ ಇಪ್ಪತ್ತೊಂದು ಮನೆಗಳಲ್ಲಿ ಇಪ್ಪತ್ತು ತುಂಬಿದ್ದವು: ಹಿಮನದಿ, ಕಪ್ಪು ಮರಳಿನ ಕಡಲತೀರ, ನೆಲದಿಂದ ಚಿಮ್ಮುವ ಬಿಸಿನೀರು, ಪಾಚಿ ಹೊದ್ದ ಲಾವಾದ ಬಯಲು. ಐದನೇ ದಿನದ ಮಧ್ಯಾಹ್ನ ಮಾತ್ರ ಖಾಲಿ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ಇಡೀ ಪ್ರವಾಸದಲ್ಲಿ ನನಗೆ ಬೇಕಾಗಿದ್ದದ್ದೇ ಆ ಒಂದು ಮನೆ.

ಐಸ್‌ಲ್ಯಾಂಡಿಗೂ ನಮಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ದಾವಣಗೆರೆಯ ಕಾನ್ವೆಂಟಿನಲ್ಲಿ ಓದುವಾಗ ನಮ್ಮ ಭೂಗೋಳದ ಸಿಸ್ಟರ್ ಒಂದು ದಿನ ಒಂದು ದೊಡ್ಡ ಚಿತ್ರವನ್ನು ಬೋರ್ಡಿಗೆ ತೂಗುಹಾಕಿದ್ದರು. ಮರವಿಲ್ಲ, ಮನೆಯಿಲ್ಲ, ಮನುಷ್ಯರಿಲ್ಲ. ಕರೀ ಬಂಡೆಯ ಮೇಲಿಂದ ಅಷ್ಟಗಲದ ಬಿಳಿಯ ನೀರು ಬೀಳುತ್ತಿತ್ತು, ಅಷ್ಟೇ. ಮಾತಿನ ಮಲ್ಲಿಯೆಂದೇ ಹೆಸರಾಗಿದ್ದ ಆ ಸಿಸ್ಟರ್ ಅಂದು ಪಾಠ ಮಾಡಲಿಲ್ಲ. ಒಂದು ಕುರ್ಚಿ ಎಳೆದುಕೊಂಡು ನಮ್ಮ ಜೊತೆಗೇ ಅದನ್ನು ನೋಡುತ್ತ ಕೂತರು, ಗಂಟೆ ಹೊಡೆದಾಗ ಎದ್ದುಹೋದರು. ಹೊಳೆಯೆಂದರೆ ಮರಳು ಎಂದುಕೊಂಡಿದ್ದ ಸೀಮೆಯ ಹುಡುಗಿ ನಾನು. ನೀರಿಗೆ ಅಷ್ಟು ಎತ್ತರವಿರುತ್ತದೆ ಎಂಬುದೂ, ದೊಡ್ಡವರು ಕೆಲಸವಿಲ್ಲದೆ ಕೂರಬಹುದು ಎಂಬುದೂ ನನಗೆ ಒಂದೇ ಗಂಟೆಯಲ್ಲಿ ತಿಳಿದ ಎರಡು ಸಂಗತಿಗಳು.

ಮದುವೆಯ ಇಪ್ಪತ್ತೈದನೇ ವರ್ಷಕ್ಕೆ, ಎಣ್ಣೆಮಿಲ್ಲಿನ ಯಂತ್ರಗಳ ಸದ್ದಿನಲ್ಲೇ ಜೀವನ ಕಳೆದ ನಮ್ಮ ಯಜಮಾನರು ಯಾವ ಗಳಿಗೆಯಲ್ಲೋ ಉದಾರಿಯಾಗಿ, "ಎಲ್ಲಿಗೆ ಹೋಗ್ಬೇಕು ಹೇಳೇ, ಈ ಸಲ ನಿನ್ನ ಮಾತೇ ಮಾತು" ಅಂದರು. ನಾನು ಹೇಳಿದೆ. ಅವರು ಭೂಪಟ ತರಿಸಿ ನೋಡಿ, ಬೆವರೊರೆಸಿಕೊಂಡು, ಆದರೂ ಮಾತು ತಪ್ಪಲಿಲ್ಲ. ಬೆಂಗಳೂರಿನ ಪ್ರವಾಸದ ಕಚೇರಿಯೊಂದರಿಂದ ಬಣ್ಣದ ಪುಸ್ತಕ ಕೊರಿಯರಿನಲ್ಲಿ ಬಂತು; ಎಲ್ಲವೂ ಐಷಾರಾಮಿಯಂತೆ, ಬೇಕಾದಂತೆ ದಿನಚರಿ ಬರೆದು ಕಳಿಸಬೇಕಂತೆ. ಆದರೆ ಇಬ್ಬರ ಪ್ರವಾಸ ಇಬ್ಬರದಾಗಿಯೇ ಉಳಿಯಲು ನಮ್ಮದೇನು ಸಿನಿಮಾದ ಸಂಸಾರವೇ? "ಅವ್ವನ್ನ ಬಿಟ್ಟು ಹೆಂಗೆ ಹೋಗಾದು?" ಎಂದು ಯಜಮಾನರು ಅಂದದ್ದೇ ಅತ್ತೆಯವರು ಸೇರಿದರು. ಅವರು ಹೊರಟ ಮೇಲೆ ಮೊಳಕಾಲ್ಮುರಿನ ಅಕ್ಕ, ಅಂದರೆ ಯಜಮಾನರ ಹಿರಿಯಕ್ಕ, ಭಾವನವರನ್ನೂ ಎಳೆದುಕೊಂಡು ಸೇರಿದರು. ಇಂಗ್ಲಿಷು ಬರುವವಳು ನಾನೊಬ್ಬಳೇ ಆದ್ದರಿಂದ ಪಟ್ಟಿ ಬರೆಯುವ ಹೊಣೆ ನನ್ನದಾಯಿತು. ಆವತ್ತು ಸಂಜೆಯೊಳಗೆ ಆ ಹಾಳೆ ಫ್ಯಾಕ್ಸ್ ಆಗಬೇಕಿತ್ತು.

ತಿಂಡಿಗೆ ಕೂತ ಯಜಮಾನರು ರೊಟ್ಟಿ ಮುರಿಯುತ್ತ ಹಾಳೆಯ ಕಡೆ ಕತ್ತೆತ್ತಿದರು.

"ಇದೇನೇ, ಒಂದು ಮನೆ ಹಂಗೇ ಬಿಟ್ಟೀಯಲ್ಲ?"

"ಬೇಕಂತಲೇ ಬಿಟ್ಟಿದ್ದೀನಿ. ಆವತ್ತು ಏನೂ ಇಲ್ಲ."

"ಏನೂ ಇಲ್ದಿದ್ರೆ ಅಲ್ಲಿಗ್ಯಾಕೆ ಹೋಗ್ಬೇಕು?"

"ಹೋಟ್ಲಿನ ಹಿಂದೇನೇ ಜಲಪಾತ ಐತೆ ರೀ. ಅದರ ಮುಂದೆ ಕೂತ್ಕೋಬೇಕು."

"ಮೂರನೇ ದಿನ ಒಂದು ಜಲಪಾತ ನೋಡಿರ್ತೀವಲ್ಲ. ಅದಕ್ಕೇ ಇಪ್ಪತ್ತು ನಿಮಿಷ ಕೊಟ್ಟಾರೆ." ಅವರ ದನಿಯಲ್ಲಿ ಕೋಪವಿರಲಿಲ್ಲ. ನೀರು ಬೀಳುವುದನ್ನು ನೋಡಿ ಮುಗಿಸಲು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಯಾಕೆ ಬೇಕು ಎಂಬ ಶುದ್ಧವಾದ ಅಚ್ಚರಿಯಿತ್ತು. ಕೋಪವಾದರೂ ಇದ್ದಿದ್ದರೆ ಜಗಳವಾಡಬಹುದಿತ್ತು. ಅಚ್ಚರಿಯ ಜೊತೆ ಹೇಗೆ ಜಗಳವಾಡುವುದು?

ಹನ್ನೊಂದು ಗಂಟೆಗೆ ಫೋನು. ಹಿಂದಿನ ದಿನ ನಾನು ಪಟ್ಟಿಯನ್ನು ಬಾಯಲ್ಲೇ ಓದಿಹೇಳಿದ್ದ ಪ್ರವಾಸದ ಕಚೇರಿಯವನು, ಬಾಯಲ್ಲಿ ಬೆಣ್ಣೆಯಿಟ್ಟುಕೊಂಡಂಥ ದನಿ. "ಮೇಡಂ, ಐದನೇ ದಿನ ಮಧ್ಯಾಹ್ನ ಬಿಟ್ಟುಹೋಗಿದೆ. ಲಕ್ಷುರಿ ಪ್ಯಾಕೇಜಲ್ಲಿ ಹಾಗೆಲ್ಲ ಖಾಲಿ ಇರಬಾರದು, ಆಮೇಲೆ ಗಿರಾಕಿಗಳು ಕಂಪ್ಲೇಂಟ್ ಮಾಡ್ತಾರೆ."

"ಗಿರಾಕಿ ನಾನೇ ಕಣಪ್ಪ."

"ಹೌದು ಮೇಡಂ, ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಬಿಸಿನೀರಿನ ಕೊಳ ಹಾಕ್ಬಿಡ್ಲಾ? ಬರೀ ಎರಡು ಗಂಟೆ."

ನಾನು ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಒಲೆಯ ಮೇಲಿನ ಕುಕ್ಕರು ಮೂರನೇ ಸಲ ಕೂಗಿತು. ಅದನ್ನು ಇಳಿಸಿ ಬರುವಷ್ಟರಲ್ಲಿ ಅವನು "ಥ್ಯಾಂಕ್ಯೂ ಮೇಡಂ" ಎಂದು ಇಟ್ಟಿದ್ದ. ಪೆನ್ಸಿಲು ತೆಗೆದುಕೊಂಡು, ಖಾಲಿ ಮನೆಯ ಮೂಲೆಯಲ್ಲಿ, ಜಾಗ ಉಳಿಯಲಿ ಎಂದು ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದೆ: ಬಿಸಿನೀರಿನ ಕೊಳ.

ಮಧ್ಯಾಹ್ನದ ಬಸ್ಸಿಗೆ ಅಕ್ಕ ಬಂದಿಳಿದರು. ಅವರದು ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆಯ ವ್ಯಾಪಾರದ ಮನೆ. ಮಾತಿನಲ್ಲಿ ಗಡಿಸೀಮೆಯ ತೆಲುಗು ನೂಲಿನಂತೆ ಹಾದುಹೋಗುತ್ತದೆ. ಕೈಯಲ್ಲಿ ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿಪುಡಿಯ ಡಬ್ಬ. ಹೊರಡಲು ಇನ್ನೂ ಎರಡು ತಿಂಗಳಿತ್ತು.

"ಇದು ಸ್ಯಾಂಪಲ್ಲು. ಎಷ್ಟು ದಿನ ಮೆತ್ತಗಾಗಲ್ಲ ನೋಡಾನ ಅಂತ," ಎಂದು ಕಟ್ಟನ್ನು ಬಿಚ್ಚಿಟ್ಟು, ಬಣ್ಣದ ಪುಸ್ತಕ ತಿರುವಿಹಾಕತೊಡಗಿದರು. "ಏಮಮ್ಮಾ ಸುಮಾ, ಒಂದು ಗಿಡ ಇಲ್ಲ, ಮರ ಇಲ್ಲ, ಎಲ್ಲಿ ನೋಡಿದ್ರೂ ಬಂಡೆ. ಬಂಡೆ ನೋಡಾಕೆ ಇಮಾನ ಹತ್ಬೇಕಾ? ನಮ್ಮೂರಿಗೆ ಬಸ್ಸೈತಲ್ಲ."

ಅಕ್ಕ ಹೇಳಿದ್ದು ಸುಳ್ಳೇನಲ್ಲ. ಮೊಳಕಾಲ್ಮುರಿನ ದಾರಿಯಲ್ಲಿ ಒಂದರ ಮೇಲೊಂದು ಕೂತ ಗುಂಡುಗಳನ್ನು ಸಂಜೆಬಿಸಿಲಿನಲ್ಲಿ ನೋಡಿದರೆ ಯಾರೋ ಆಟವಾಡುತ್ತ ಊಟಕ್ಕೆ ಎದ್ದುಹೋದಂತೆ ಕಾಣುತ್ತದೆ. ಕುದಾಪುರದ ಕಡೆಯ ಹುಲ್ಲುಗಾವಲು ಗಾಳಿ ಬೀಸಿದಾಗ ಮಗ್ಗುಲು ಬದಲಿಸುವುದನ್ನು ಬಸ್ಸಿನ ಕಿಟಕಿಯಲ್ಲಿ ಎಷ್ಟು ಸಲ ಕಂಡಿಲ್ಲ? ಕಂಡಿದ್ದೇನೆ, ನಿಂತು ನೋಡಿಲ್ಲ. ಅಲ್ಲೇ ಹತ್ತಿರದ ಬ್ರಹ್ಮಗಿರಿಯನ್ನೇ ತೆಗೆದುಕೊಳ್ಳಿ. ಎರಡು ಸಾವಿರ ವರ್ಷ ದಾಟಿದ ಶಾಸನದ ಅಕ್ಷರಗಳು ಅಲ್ಲಿಯ ಬಂಡೆಯ ಮೇಲಿವೆ. ಕುಟುಂಬಸಮೇತ ನಾವು ಎರಡು ಸಲ ಹೋಗಿದ್ದೇವೆ. ಎರಡು ಸಲವೂ ಬಂಡೆಗೆ ಹತ್ತು ನಿಮಿಷ, ಚಿತ್ರಾನ್ನ ಮೊಸರನ್ನಕ್ಕೆ ಎರಡು ಗಂಟೆ. ಎರಡು ಸಲವೂ ನಾನು ಬೆಟ್ಟಕ್ಕೆ ಬೆನ್ನು ಹಾಕಿ ಬಡಿಸಿದ್ದೇನೆ. ಬ್ರಹ್ಮಗಿರಿ ಹೇಗಿದೆ ಎಂದು ನನ್ನನ್ನು ಕೇಳಿದರೆ ಯಾರಿಗೆ ಉಪ್ಪಿನಕಾಯಿ ಸಾಲದೇ ಹೋಯಿತು ಎಂಬುದನ್ನು ಹೇಳಬಲ್ಲೆ. ಹತ್ತಿರವಿರುವುದನ್ನು ನೋಡಲು ಬಿಡದ ಸಂಸಾರ ದೂರದ್ದನ್ನಾದರೂ ನೋಡಲು ಬಿಟ್ಟೀತೆಂದು ನಾನು ಸಮುದ್ರದಾಚೆಗಿನ ದ್ವೀಪವನ್ನು ಆರಿಸಿಕೊಂಡಿದ್ದೆ. ಸಂಸಾರವೂ ಪಾಸ್‌ಪೋರ್ಟು ಮಾಡಿಸಿಕೊಳ್ಳುತ್ತದೆ ಎಂಬುದು ಹೊಳೆದಿರಲಿಲ್ಲ.

"ಈ ಖಾಲಿ ಜಾಗದಾಗೆ ಉಲ್ಲನ್ ಅಂಗಡಿ ಹಾಕು," ಅಂದರು ಅಕ್ಕ. "ಅಲ್ಲಿ ಕುರಿ ಜಾಸ್ತಿಯಂತೆ. ಅವರ ನೇಯ್ಗೆ ಹೆಂಗೈತೆ ನೋಡಾನ." ಬರೆದೆ. ಹಿರಿಯರು, ಅದೂ ರೊಟ್ಟಿ ಹೊತ್ತು ಬಂದವರು.

ಅಷ್ಟು ಹೊತ್ತೂ ಬತ್ತಿ ಹೊಸೆಯುತ್ತ ಕೂತಿದ್ದ ಅತ್ತೆಯವರು ಆಗ ತಲೆಯೆತ್ತಿದರು. ಆ ದ್ವೀಪದಲ್ಲಿ ಬೇಸಿಗೆಯಲ್ಲಿ ಕತ್ತಲೆಯೇ ಆಗುವುದಿಲ್ಲವೆಂದು ಹಿಂದಿನ ದಿನ ನಾನೇ ಬಡಾಯಿಯಿಂದ ಹೇಳಿದ್ದೆ.

"ಸುಮಾ, ಹೊತ್ತು ಮುಳುಗಲ್ಲ ಅಂದ್ರೆ ದೀಪ ಯಾವಾಗ ಹಚ್ಚೋದು?"

ಎಪ್ಪತ್ತು ವರ್ಷ ಒಂದು ಸಂಜೆಯನ್ನೂ ದೀಪವಿಲ್ಲದೆ ಬಿಡದ ಹೆಂಗಸಿಗೆ ಸಂಜೆಯೇ ಬಾರದ ಊರಿನಲ್ಲಿ ಏನು ಉತ್ತರ ಹೇಳುವುದು? ನಾನು ಹೇಳಬೇಕಾಗಿ ಬರಲಿಲ್ಲ; ಅವರೇ ಯೋಚಿಸಿಟ್ಟಿದ್ದರು.

"ಇಲ್ಲಿ ಮುಳುಗಿದಾಗ ಹಚ್ಚಿದ್ರಾಯ್ತು ಬಿಡು. ನನ್ನ ವಾಚು ತಿರುಗಿಸ್ಬೇಡಿ, ಚಳ್ಳಕೆರೆ ಟೈಮಲ್ಲೇ ಇರ್ಲಿ. ಬೇರೆ ದಿನ ಬಸ್ಸಿನಾಗೆ ಕಣ್ಮುಚ್ಚಿ ಕೈ ಮುಗೀತೀನಿ. ಒಂದಿನನಾದ್ರೂ ನೆಟ್ಟಗೆ ಹಚ್ಬೇಕು."

ನಾನು ಲೆಕ್ಕ ಹಾಕಿದೆ. ನಮ್ಮ ಸಂಜೆ ಆರೂಮುಕ್ಕಾಲೆಂದರೆ ಅಲ್ಲಿ ಮಧ್ಯಾಹ್ನ ಒಂದೂಕಾಲು. ಅಷ್ಟು ಹೊತ್ತಿಗೆ ನಾವು ಹೋಟ್ಲಿನಲ್ಲಿರುವ ದಿನ ಒಂದೇ ಒಂದು. ಯಾವುದೆಂದು ನಿಮಗೂ ಹೊಳೆದಿರಬೇಕು. ಐದನೆಯದು.

"ಅಲ್ಲೇ, ಆ ಹೋಟ್ಲಾಗೆ ಅಡುಗೆಮನೆನೂ ಐತೆ ಅಂದ್ಯಲ್ಲ?" ಅಕ್ಕನ ಮುಖ ಬೆಳಗಿತು. ಪ್ರತಿ ಕುಟೀರಕ್ಕೂ ಸುಸಜ್ಜಿತ ಅಡುಗೆಮನೆಯೆಂಬ ಆ ಐಷಾರಾಮವನ್ನೂ ಹಿಂದಿನ ದಿನ ಫೋನಿನಲ್ಲಿ ಅಕ್ಕನಿಗೆ ನಾನೇ ಓದಿ ಹೇಳಿದ್ದೆ. "ದೀಪ ಹಚ್ಚಿದ ಮ್ಯಾಲೆ ಊಟದ ಹೊತ್ತಲ್ಲವೇನೇ? ನಾಕು ದಿನ ಬ್ರೆಡ್ಡು ತಿಂದಿರ್ತೀವಿ. ಬಿಸಿ ಮುದ್ದೆ, ಬಸ್ಸಾರು ಮಾಡಿಬಿಡು. ನಿನ್ನ ಕೈಯಿಂದು ತಿಂದ್ರೆ ಜೀವ ಬಂದಂಗಾಗುತ್ತೆ."

ಬೈದಿದ್ದರೆ ಎದುರುತ್ತರ ಕೊಡುತ್ತಿದ್ದೆನೋ ಏನೋ. ಹೊಗಳಿದರು. ಪೆನ್ಸಿಲು ಹಿಡಿದ ಬೆರಳು ತಾನಾಗಿಯೇ ನಡೆಯಿತು. ಸಿಸ್ಟರುಗಳು ತಿದ್ದಿಸಿದ ದುಂಡು ಅಕ್ಷರದಲ್ಲಿ, ನನ್ನ ಕೈಯಾರೆ, ನನ್ನ ಮಧ್ಯಾಹ್ನದೊಳಗೆ ಬರೆದೆ: ದೀಪ. ಅಡುಗೆ. ಭೂಮಿಯ ಆ ತುದಿಗೆ ಹೋಗಿ, ಜಲಪಾತಕ್ಕೆ ಬೆನ್ನು ಹಾಕಿ, ಮುದ್ದೆ ತಿರುವುತ್ತಿರುವ ನನ್ನ ಬೆನ್ನು ನನಗೇ ಕಂಡಿತು. ಹುರುಳಿ ಬಸಿಯಲು ತೆಗೆದ ಪಾತ್ರೆಯನ್ನು ಕಟ್ಟೆಯ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟೆ. ಯಾರೂ ಕೇಳಿಸಿಕೊಳ್ಳಲಿಲ್ಲ. ನಮ್ಮ ಮನೆಯಲ್ಲಿ ಪಾತ್ರೆಯ ಸದ್ದೆಂದರೆ ಅಡುಗೆ ಆಗುತ್ತಿದೆ ಎಂದೇ ಅರ್ಥ.

ಸಿಟ್ಟು ಇಳಿಯದೆ ಎಷ್ಟೋ ಹೊತ್ತು ಆ ಹಾಳೆಯ ಮುಂದೆ ನಿಂತಿದ್ದೆ. ಯಾರ ಮೇಲೆ ಸಿಟ್ಟು ಎಂದು ಕೇಳಿಕೊಂಡರೆ ಹೆಸರು ಸಿಗಲಿಲ್ಲ. ಇವರೆಲ್ಲ ಕಿತ್ತುಕೊಂಡವರಲ್ಲ, ತುಂಬಿದವರು. ಸಂಪಿಗೆಗಿಡದ ಬುಡ ಬಯಲಾಗಿದ್ದರೆ ಅಲ್ಲೊಂದು ಟೊಮೆಟೊ ಸಸಿ ಊರುತ್ತೇವೆ, ತಟ್ಟೆಯಲ್ಲಿ ಜಾಗ ಕಂಡರೆ ಇನ್ನೊಂದು ಸೌಟು ಅನ್ನ ಬಡಿಸುತ್ತೇವೆ, ಸುಮ್ಮನೆ ಕೂತವರನ್ನು ಕಂಡರೆ ಮೈ ಹುಷಾರಿಲ್ಲವೇ ಎಂದು ಹಣೆ ಮುಟ್ಟಿ ನೋಡುತ್ತೇವೆ. ಬರಿದು ಎಂಬುದು ನಮಗೆ ಕಣ್ಣಿಗೆ ಬಿದ್ದ ಕಸದ ಹಾಗೆ. ನಾನೇನು ಕಡಿಮೆ? ಬೇಡ ಅನ್ನುವವರ ತಟ್ಟೆಗೆ ನಾನು ಬಡಿಸಿದ ಅನ್ನವೆಷ್ಟು! ಇಷ್ಟೆಲ್ಲ ತಿಳಿದರೂ ಸಿಟ್ಟು ಕಡಿಮೆಯಾಗಲಿಲ್ಲವೆಂಬುದನ್ನೂ ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ. ಪ್ರೀತಿಯಿಂದ ಕಾಲು ತುಳಿದರೂ ಕಾಲು ನೋಯುತ್ತದೆ.

ಹೊತ್ತು ಇಳಿಯುವಾಗ ಯಜಮಾನರು ಮಿಲ್ಲಿನಿಂದ ಬಂದು ಟೀ ಕುಡಿದು, ಹಾಳೆಯತ್ತ ನೋಡಿ, "ಈಗ ಭರ್ತಿಯಾಯ್ತು ನೋಡು" ಎಂದು ಸಂತೋಷಪಟ್ಟು, ಫ್ಯಾಕ್ಸಿನ ಅಂಗಡಿಗೆಂದು ಸ್ಕೂಟರು ತೆಗೆಯಲು ಹೋದರು. ಮೊಳೆಯಿಂದ ಹಾಳೆ ಬಿಡಿಸಿಕೊಂಡು ನಾನು ಹೊರಡುವಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಪಾರ್ವತಮ್ಮ ನಿಂತಿದ್ದರು.

"ಸುಮಕ್ಕ, ನಮ್ಮ ಬಟ್ಲೈತೇನ್ರಿ?"

ನನಗೆ ನಾಚಿಕೆಯಾಯಿತು. ಹಾಳೆಯನ್ನು ಕಂಕುಳಿಗೆ ಸಿಕ್ಕಿಸಿ, ಬಟ್ಟಲು ಕೈಗೆತ್ತಿಕೊಂಡು ಸಕ್ಕರೆ ಡಬ್ಬ ತೆಗೆದರೆ ತಳದಲ್ಲಿ ನಾಲ್ಕು ಹರಳು. ಮೆಣಸಿನಕಾಯಿ ಮಧ್ಯಾಹ್ನದ ಬಸ್ಸಾರಿಗೆ ಮುಗಿದಿತ್ತು. "ಒಂದೈದು ನಿಮಿಷ ಕೂತ್ಕೊಳ್ರಿ ಪಾರ್ವತಮ್ಮ, ಚೂರು ಅವಲಕ್ಕಿ ಒಗ್ಗರಣೆ ಹಾಕಿ ಕೊಡ್ತೀನಿ," ಎಂದು ಒಲೆ ಹಚ್ಚಲು ಬೆಂಕಿಪೊಟ್ಟಣ ತಡಕಿದೆ. ಹೊರಗೆ ಸ್ಕೂಟರಿನ ಹಾರ್ನು ಕೂಗಿತು.

ಪಾರ್ವತಮ್ಮ ಒಳಗೆ ಬಂದವರೇ ನನ್ನ ಕೈಯಿಂದ ಬಟ್ಟಲನ್ನು ಮೆಲ್ಲಗೆ ಬಿಡಿಸಿಕೊಂಡು, ಸೆರಗಿನಲ್ಲಿ ಒಳಗೊಮ್ಮೆ ಒರೆಸಿ, ಹೊರಟೇಬಿಟ್ಟರು. ಹೊಸ್ತಿಲಲ್ಲಿ ಹಿಂದಿರುಗಿಯೂ ನೋಡದೆ ಹೇಳಿದರು:

"ಖಾಲಿನೇ ಇರ್ಲಿ ಬಿಡ್ರಿ. ಹಾಲಿಗೆ ಹೆಪ್ಪು ಹಾಕ್ಬೇಕು ಇದ್ರಾಗೆ. ನೀವು ಅವಲಕ್ಕಿ ತುಂಬಿದ್ರೆ ಹಾಲು ಎಲ್ಲಿಗೆ ಸುರೀಲಿ?"

ಹಾರ್ನು ಇನ್ನೊಮ್ಮೆ ಕೂಗಿತು. "ಬಂದೆ ರೀ, ಒಂದು ನಿಮಿಷ," ಎಂದೆ. ಹಾಳೆಯನ್ನು ಕಟ್ಟೆಯ ಮೇಲೆ ಬಿಡಿಸಿ ಹರವಿ, ಪೆನ್ಸಿಲನ್ನು ತಿರುಗಿಸಿ ರಬ್ಬರಿನ ತುದಿ ಕೆಳಗಾಗಿ ಹಿಡಿದೆ.